ಎಮ್ಮೆಗೆ ಹಿಡಿದ ಕೊಡೆ

ಗಟ್ಟು ಊರಿನ ನಮ್ಮಣ್ಣ ಹಂಪಣ್ಣನ ಪ್ರಕಾರ ಬಿಸಿಲಿಗೆ ಕೊಡೆ ಹಿಡಿಯಬೇಕಾದವರು ಇಬ್ಬರೇ: ಬಾಣಂತಿ ಮತ್ತು ತಹಸೀಲ್ದಾರ. ರೈತನಾದವನಿಗೆ ರುಮಾಲು ಸಾಕು. ಕೊಡೆ ಹಿಡಿದವರನ್ನು ಕಟ್ಟೆಯ ಮೇಲೆ ಕೂತು ಆಡಿಕೊಂಡು ನಕ್ಕ ಬಾಯಿ ಅದು.

ಆದರೆ ಬಿಸಿಲು ಮೊದಲಿನ ಬಿಸಿಲೇ? ತೊಗರಿ ಹೂ ಬಿಡುವಾಗ ಹನಿ ಮಳೆಯಿಲ್ಲ, ರಾಶಿ ಮಾಡುವಾಗ ಧೋ ಎಂದು ಸುರಿಯುತ್ತದೆ. ಶಿವರಾತ್ರಿ ಕಳೆಯುವುದರೊಳಗೆ ನೆಲ ಕಾದ ಹಂಚು. ಹೋದ ಬೇಸಿಗೆ ಅಣ್ಣ ಹೊಲದಲ್ಲೇ ಧೊಪ್ಪನೆ ಬಿದ್ದ. ಇನ್ನೊಮ್ಮೆ ಹೀಗೆ ಬಿದ್ದರೆ ಏಳುವ ಭರವಸೆಯಿಲ್ಲ ಎಂದರು ಗದ್ವಾಲದ ಡಾಕ್ಟರು. ಅತ್ತಿಗೆ ಗುರಮ್ಮ ಅಳುತ್ತ ಕೊಡೆ ತಂದುಕೊಟ್ಟಳು. ಈ ಮಹಾಶಯ ಅದನ್ನು ಅಟ್ಟಕ್ಕೆಸೆದ. ಇಂಥ ಹಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಡಹುಟ್ಟಿದವನು, ಬೈದು ಬೈದು ಸಾಕಾಯಿತು.

ಈ ಬೇಸಿಗೆ ಎಮ್ಮೆ ಗಂಗಿಯ ಹಾಲು ಅರ್ಧಕ್ಕಿಳಿಯಿತು. ಕಾವು ಹೆಚ್ಚಾಗಿದೆ, ನೆರಳು ಮಾಡಿ ಎಂದರು ದನದ ಡಾಕ್ಟರು. ಮರುದಿನ ಮಧ್ಯಾಹ್ನ ನೋಡುತ್ತೇನೆ, ಅಣ್ಣ ಗಂಗಿಗೆ ಕೊಡೆ ಹಿಡಿದುಕೊಂಡು ಕೆರೆಗೆ ಹೊರಟಿದ್ದಾನೆ!

"ಏನ್ ಕಾಕಾ, ಕೊಡಿ ಹಿಡದೀರಿ?" ಚಹಾ ಹೋಟೆಲಿನ ಸುರೇಂದರ್ ಕೇಳಿದ.

"ಎಮ್ಮಿಗಪಾ. ಮೂಕ ಪ್ರಾಣಿ, ಬಿಸಿಲು ತಡಿಯಂಗಿಲ್ಲ."

ಸುಳ್ಳು! ಕೊಡೆಯ ಪೂರ್ತಿ ನೆರಳು ಅಣ್ಣನ ಮೇಲೆ. ಗಂಗಿಯ ಪಾಲಿಗೆ ಬಂದದ್ದು ಒಂದು ಕಿವಿಯಷ್ಟು. ಅತ್ತಿಗೆಗೆ ಹೇಳಿದರೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಸುಮ್ನಿರವಾ. ಹೆಂಗರ ನೆರಳಾಗ ಅದಾರಲ್ಲ."

ಹಾಗೆ ಒಂದಷ್ಟು ದಿನ ನಡೆಯಿತು. ಒಂದು ಮಧ್ಯಾಹ್ನ ನಾನು ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ದಂಡೆ ಕಂಡದ್ದೇ ತಡ, ಗಂಗಿ ಹಗ್ಗ ಕಿತ್ತುಕೊಂಡು ಓಡಿ ನೀರಿಗಿಳಿದು ಮೂಗಷ್ಟೇ ಮೇಲಿಟ್ಟು ಕೂತುಬಿಟ್ಟಿತು. ದಂಡೆಯ ಮೇಲೆ ಉಳಿದವರು ಅಣ್ಣ ಮತ್ತು ಕೊಡೆ. ಒಗೆಯುವವರೆಲ್ಲ ಕೈ ನಿಲ್ಲಿಸಿದರು. ನೀರಿಗೆಂದು ಬಂದ ಸುರೇಂದರ್ ಬಿಡುತ್ತಾನೆಯೇ?

"ಕಾಕಾ, ಎಮ್ಮಿ ನೀರಾಗ ಐತಿ. ಕೊಡಿ ಯಾರಿಗಿ?"

ಅಣ್ಣ ಸರಸರ ಕೊಡೆ ಮಡಚಿದ. ಬಿಸಿಲು ನೆತ್ತಿಗೆ ಬಡಿಯಿತು, ಕಾಲು ತಟ್ಟಾಡಿತು.

"ಅಣ್ಣಾ, ಬಿಚ್ಚೋ ಅದನ್ನ!" ಎಂದು ಕಿರುಚಿದೆ.

ಒಂದು ಗಳಿಗೆ ನನ್ನನ್ನೂ ಸುರೇಂದರನನ್ನೂ ದುರುಗುಟ್ಟಿ ನೋಡಿದವನು ಫಟ್ಟನೆ ಕೊಡೆ ಬಿಚ್ಚಿದ.

"ನನಗಪಾ, ನನಗ! ನನಗೂ ಬಿಸಿಲು ತಡಿಯಂಗಿಲ್ಲ. ನಗ್ರಿ, ಎಲ್ಲಾರೂ ನಗ್ರಿ!"

ಸುರೇಂದರ್ ನಗಲಿಲ್ಲ. ನೀರಿನ ಕೊಡ ಕೆಳಗಿಟ್ಟು, ಕುತ್ತಿಗೆಯ ಬೆವರು ಒರೆಸಿಕೊಂಡು ಹತ್ತಿರ ಬಂದ.

"ಸ್ವಲ್ಪ ಆ ಕಡಿ ಸರೀರಿ ಕಾಕಾ," ಎಂದು ಕೊಡೆಯೊಳಗೆ ತಾನೂ ನುಗ್ಗಿದ.