ಎರಡು ಸೀಟಿನ ಮೋಟಾರು ಸೋರಿದ್ದು

ಧಾರವಾಡದ ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಯಜಮಾನರು ಇಬ್ಬರೇ ಕೂತು ಮಾತಾಡಲು ಇದ್ದದ್ದು ಒಂದೇ ಜಾಗ: ಅವರ ಮೋಟಾರು. ಮನೆಯೇನೋ ದೊಡ್ಡದು. ಆದರೆ ಅತ್ತೆ, ಮಾವ, ಭಾವನವರ ಸಂಸಾರ, ಅಮ್ಮಿನಬಾವಿಯ ಹೊಲದಿಂದ ಬಂದು ಹೋಗುವವರು ಎಂದು ಪಡಸಾಲೆಯಿಂದ ಹಿತ್ತಲಿನವರೆಗೆ ಯಾರಾದರೂ ಇದ್ದೇ ಇರುತ್ತಿದ್ದರು. ಮೋಟಾರಿಗೆ ಮಾತ್ರ ಸೀಟು ಎರಡೇ. ಹಸಿರು ಬಣ್ಣ, ಉದ್ದನೆಯ ಮೂತಿ, ಮಡಚಿಡುವ ಕ್ಯಾನ್ವಾಸಿನ ಮಾಡು. ಓಟದ ಪಂದ್ಯಕ್ಕೆಂದೇ ಮಾಡುವ ಜಾತಿಯ ಗಾಡಿಯಂತೆ. ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದ ನಮ್ಮವರು ಮುಂಬಯಿಯಿಂದ ಆಸೆಪಟ್ಟು ತಂದಿದ್ದರು. ರವಿವಾರ ಸಂಜೆ ಅದರಲ್ಲಿ ಮುಗದದ ಕೆರೆಯವರೆಗೆ ಹೋಗಿ ಬರುತ್ತಿದ್ದೆವು. ಗಾಳಿಯ ಸದ್ದಿಗೆ ಕೂಗಿಯೇ ಮಾತಾಡಬೇಕು. ಆದರೂ ಇಡೀ ವಾರದ ಮಾತು ಅಲ್ಲಿಯೇ ಆಗುತ್ತಿತ್ತು.

ಆ ಗಾಡಿ ನೀರು ಸೋರತೊಡಗಿತು. ಎಂಜಿನ್ ಕಾಯದಿರಲೆಂದು ಮೂತಿಯ ರೇಡಿಯೇಟರಿನಲ್ಲಿ ತುಂಬಿದ ನೀರು ದಾರಿಯಲ್ಲೇ ಕಡಿಮೆಯಾಗುತ್ತಿತ್ತು. ಹುಬ್ಬಳ್ಳಿಯಿಂದ ಬರುವಾಗ ಅವರು ಉಣಕಲ್ ಕೆರೆಯ ಬಳಿ ನಿಲ್ಲಿಸಿ ತಂಬಿಗೆಯಿಂದ ನೀರು ಹೊಯ್ದುಕೊಂಡು ಬರುತ್ತಿದ್ದರು. ಮಿಸ್ತ್ರಿ ರಬ್ಬರಿನ ಕೊಳವೆ ಬದಲಿಸಿದ. ಹನಿ ಬೀಳುವುದು ಹಳೆಯ ನೀರು ಬಿಡಲು ರೇಡಿಯೇಟರಿನ ಬುಡಕ್ಕಿದ್ದ ನಲ್ಲಿಯ ತುದಿಯಿಂದ ಎಂದು ಅದನ್ನೂ ಬದಲಿಸಿದ. ಮರುದಿನ ಬೆಳಿಗ್ಗೆ ಮತ್ತೆ ನೆಲದ ಮೇಲೆ ಅದೇ ಒದ್ದೆ, ಬಳೆಯಷ್ಟಗಲ.

"ಕೂಡಾವ್ರು ಇಬ್ಬರು, ನೀರ ಕುಡಿಯೂದು ಹತ್ತ ಮಂದೀದು," ಎಂದು ಮಾವನವರು ಊಟಕ್ಕೆ ಕೂತಾಗ ಹೇಳಿದರು. "ಸೋಮವಾರ ಗಿರಾಕಿ ಬರ್ತಾನ. ಕೊಟ್ಟಬಿಡೂಣು. ಎಲ್ಲಾರೂ ಕೂಡುವಂಥಾ ದೊಡ್ಡದೊಂದು ತರೂಣು."

ನಾನು ಬಡಿಸುತ್ತಿದ್ದೆ. ದೊಡ್ಡ ಗಾಡಿಯಲ್ಲಿ ಹಿಂದೆ ಹೆಂಗಸರು, ಮುಂದೆ ಗಂಡಸರು. ಮುಗದದ ದಾರಿ ಮುಗಿದಂತೆಯೇ.

ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಎದ್ದು ಹೋಗಿ ಗಾಡಿಯ ಕೆಳಗೆ ಇಣುಕುತ್ತಿದ್ದೆ, ಬಂದು ಮತ್ತೆ ಮೊರ ಹಿಡಿಯುತ್ತಿದ್ದೆ. ಹನಿ ಬೀಳುವುದು ನಲ್ಲಿಯಿಂದ, ಸರಿ. ಆದರೆ ಅಲ್ಲಿಗೆ ಎಲ್ಲಿಂದ ಇಳಿದು ಬರುತ್ತದೆ? ರೇಡಿಯೇಟರಿನ ನೀರು ಹರಿಯುವ ಆ ಕಪ್ಪು ಜಾಲರಿಯ ಮೇಲೆ ಒದ್ದೆ ಯಾವುದು, ಒಣಗಿದ್ದು ಯಾವುದು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ.

ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ಸೂಜಿಯಿಂದ ಚುಚ್ಚಿದ ಕಾಗದದ ಮೇಲೆ ಸೀಮೆಸುಣ್ಣದ ಪುಡಿಯ ಗಂಟನ್ನು ತಟ್ಟಿ, ಬಟ್ಟೆಯ ಮೇಲೆ ಹೂವಿನ ನಕ್ಷೆ ಇಳಿಸುತ್ತಿದ್ದರು. ಬೆರಳು ಒದ್ದೆಯಿದ್ದರೆ ಪುಡಿ ಮೆತ್ತಿಕೊಂಡು ಕಲೆಯಾಗಿ ಬೈಸಿಕೊಳ್ಳುತ್ತಿದ್ದೆವು. ಅದು ನೆನಪಾಗಿ, ರವಿವಾರ ಬೆಳಿಗ್ಗೆ ರಂಗೋಲಿ ಪುಡಿಯನ್ನು ತೆಳು ಮಲ್ಲು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೋದೆ.

"ಮುಂಜಾನೆದ್ದು ಮೋಟಾರಿಗೆ ಪೌಡರ್ ಹಚ್ಚಾಕತ್ತೀಯೇನು?" ಎಂದರು ನಮ್ಮವರು.

"ನಗೂದು ಬಿಟ್ಟು ಕಂಠಮಟಾ ನೀರ ತುಂಬ್ರಿ."

ತುಂಬಿದರು. ನಾನು ಜಾಲರಿಯ ಉದ್ದಗಲಕ್ಕೂ ಪುಡಿ ತಟ್ಟಿದೆ. ಎಲ್ಲವೂ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಆ ಬಿಳುಪಿನಲ್ಲಿ ಬೂದು ಬಣ್ಣದ ಎಳೆಯೊಂದು ಮೂಡಿತು. ನಲ್ಲಿಯಿಂದ ಮೇಲಕ್ಕೆ ಅದರ ಜಾಡು ಹಿಡಿದು ಹೋದರೆ, ಅದು ಅತ್ತೆಯವರ ನಿಂಬೆಹಣ್ಣಿನ ಹಿಂದೆ ಹೋಗಿ ನಿಂತಿತು.

ಪ್ರತಿ ಅಮಾವಾಸ್ಯೆಗೆ ಅತ್ತೆಯವರು ದೃಷ್ಟಿಗೆಂದು ನಿಂಬೆಹಣ್ಣು, ಮೆಣಸಿನಕಾಯಿಗಳನ್ನು ತಂತಿಗೆ ಪೋಣಿಸಿ, ಆ ತಂತಿಯನ್ನು ಜಾಲರಿಯೊಳಗೆ ತೂರಿಸಿ ಸಿಕ್ಕಿಸುತ್ತಿದ್ದರು. ಹಣ್ಣನ್ನು ಎತ್ತಿ ನೋಡಿದೆ. ತಂತಿಯ ಬುಡದಲ್ಲಿ ಪುಡಿ ನೆನೆದು ಮುದ್ದೆಯಾಗಿತ್ತು.

ನಮ್ಮವರ ಮುಖ ಸಣ್ಣದಾಯಿತು. "ಇದನ್ನ ಅವ್ವಗ ಹೇಳಬ್ಯಾಡ."

"ಏನ ಹೇಳಬಾರದು ಅವ್ವಗ?"

ಅತ್ತೆಯವರು ಹಿಂದೆಯೇ ನಿಂತಿದ್ದರು. ಅಂದು ಅಮಾವಾಸ್ಯೆ; ಕೈಯಲ್ಲಿ ಹೊಸ ನಿಂಬೆಹಣ್ಣು. ಬಗ್ಗಿ ನೋಡಿದರು, ಬೆರಳಿನಿಂದ ಮುಟ್ಟಿ ನೋಡಿದರು.

"ತಿಂಗಳಿಗೊಮ್ಮಿ ತೂರಿಸಿದರ ಇಷ್ಟ ತೂತ ಬೀಳತೈತೇನು?"

"ತಿಂಗಳಿಗೊಮ್ಮಿ ಅಲ್ಲ ಅವ್ವಾ... ದಿನಾ." ನಮ್ಮವರು ನೆಲ ನೋಡುತ್ತ ಹೇಳಿದರು. "ಪ್ಯಾಟ್ಯಾಗ ಮಂದಿ ನಗತಾರ. ಗಾಡಿಗೆ ಉಪ್ಪಿನಕಾಯಿ ಹಾಕೀರೇನು ಅಂತಾರ. ಉಣಕಲ್ಲಿನ್ಯಾಗ ತಗದು ಸೀಟಿನ ಕೆಳಗ ಇಡ್ತೇನಿ. ಬರೂವಾಗ ಮತ್ತ ಸಿಕ್ಕಸ್ತೇನಿ."

"ಅಂದ್ರ ಪ್ಯಾಟಿ ಮಂದಿ ಕಣ್ಣಿಗೆ ನಿಂಬಿಹಣ್ಣಿಲ್ಲ. ಮನಿಗೆ ಬರೂವಾಗ ಐತಿ," ಎಂದು ಅತ್ತೆಯವರು ಮೆಲ್ಲಗೆ ಅಂದರು. "ನಂದೇ ದೃಷ್ಟಿ ತಾಗತೈತಿ ಅಂತ ತಿಳದೀಯೇನಪಾ?"

ನನಗೆ ನಗು ಬಂತು, ಭಯವೂ ಆಯಿತು. ಪುಡಿಯ ಗಂಟನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಮಧ್ಯಾಹ್ನ ಮಿಸ್ತ್ರಿಯನ್ನು ಕರೆಸಿ ಬೆಸುಗೆ ಹಾಕಿಸಿದ್ದಾಯಿತು. ಸಂಜೆ ಪರೀಕ್ಷೆಗೆಂದು ಗಾಡಿ ಹೊರಟಾಗ ನಾನು ಸೆರಗು ಹೊದ್ದು ಸಿದ್ಧಳಾಗಿದ್ದೆ. ಅತ್ತೆಯವರು ನನಗಿಂತ ಮೊದಲೇ ಬಂದು ನನ್ನ ಸೀಟಿನಲ್ಲಿ ಕೂತುಬಿಟ್ಟರು. "ಸೋರತೈತೋ ಇಲ್ಲೋ ನಾನ ನೋಡ್ತೇನಿ." ಆ ಗಾಡಿಯನ್ನು ಅವರು ಹತ್ತಿದ್ದು ಅದೇ ಮೊದಲು. ಹೊಸ ನಿಂಬೆಹಣ್ಣು ಮಡಿಲಲ್ಲಿತ್ತು.

ನಾನು ಅಂಗಳದಲ್ಲೇ ಉಳಿದೆ. ತುಳಸಿಗೆ ಎರಡೆರಡು ಬಾರಿ ನೀರು ಹಾಕಿದೆ. ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಬೆಸುಗೆ ಬಿಟ್ಟಿತೇ? ದಾರಿಯಲ್ಲಿ ನಿಂತಿತೇ? ರಸ್ತೆಯಲ್ಲಿ ಯಾವ ಸದ್ದಾದರೂ ಗೇಟಿಗೆ ಓಡುತ್ತಿದ್ದೆ. ಎಲ್ಲವೂ ಟಾಂಗಾ.

ಕೊನೆಗೆ ಬಂದರು. ಅತ್ತೆಯವರ ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು, ತುರುಬು ಬಿಚ್ಚಿತ್ತು, ಗಾಳಿಗೆ ಕಣ್ಣು ಕೆಂಪಾಗಿದ್ದವು. ನಾನು ಅವರಿಗೆ ಕೈ ಕೊಡುವುದನ್ನೂ ಮರೆತು ಗಾಡಿಯ ಕೆಳಗೆ ಬಗ್ಗಿದೆ. ಒಣ ನೆಲ.

ಪಡಸಾಲೆಯಲ್ಲಿದ್ದ ಮಾವನವರಿಗೆ ಅತ್ತೆ ಅಲ್ಲಿಂದಲೇ ಹೇಳಿದರು: "ನಾಳಿ ಗಿರಾಕಿಗೆ ಬರಬ್ಯಾಡ ಅಂತ ಹೇಳಿ ಕಳಸ್ರಿ."

"ಮತ್ತ ಎಲ್ಲಾರೂ ಕೂಡೂ ಗಾಡಿ?"

"ಎಲ್ಲಾರೂ ಮನ್ಯಾಗ ಕೂತೇ ಇರ್ತೀವಲ್ಲರಿ."

ನಿಂಬೆಹಣ್ಣನ್ನು ಆಮೇಲೆ ಅವರೇ ನೂಲಿನಿಂದ ಗಾಡಿಯ ಮುಂದಿನ ದೀಪದ ಕಂಬಿಗೆ ಕಟ್ಟಿದರು, ಯಾರೂ ಬಿಚ್ಚಲಾಗದಂತೆ ಗಂಟಿನ ಮೇಲೆ ಗಂಟು ಹಾಕಿ.

ಮುಂದಿನ ರವಿವಾರ ಮುಗದದ ದಾರಿಯಲ್ಲಿ, ಅವತ್ತು ಅಷ್ಟು ಹೊತ್ತು ಅತ್ತೆ ಏನು ಮಾತಾಡಿದರು ಎಂದು ಕೇಳಿದೆ.

"ದಾರಿ ತುಂಬ ಮಾತಾಡಿದಳು," ನಮ್ಮವರು ಗಾಳಿಯಲ್ಲಿ ಕೂಗಿದರು. "ನನಗ ಒಂದೂ ಕೇಳಸಲಿಲ್ಲ. ಹೂಂ ಹೂಂ ಅಂದೆ."

ಕೆರೆಯ ಬಳಿ ಗಾಡಿ ನಿಂತಿತು. ನಾನು ಇಳಿದು ಮೊದಲು ಅದರ ಕೆಳಗೆ ಇಣುಕಿದೆ.