ಟೀಚರ್ ಕುಡಿದ ಉಪ್ಪುನೀರು

ದಿಂಬಿನ ಕವರಿನ ಮೇಲೆ ನಾಣ್ಯದಷ್ಟಗಲದ ಹಳದಿ ಕಲೆಯೊಂದು ಉಳಿದಿತ್ತು. ಬಗ್ಗಿ ಕವರ್ ತೆಗೆಯುವಾಗ ವಾಸನೆ ಮೂಗಿಗೆ ಬಡಿಯಿತು. ಬೆಚ್ಚಗಿನ ಉಪ್ಪುನೀರು, ಜೀರಿಗೆ, ಅದರಡಿಯಲ್ಲಿ ಹುಳಿ. ಮೂಡಿಗೆರೆಯ ಈ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ವಾಂತಿ ನನಗೆ ಹೊಸದಲ್ಲ. ತಲೆಸುತ್ತಿನವರಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸ, ಮತ್ತು ಎಷ್ಟೋ ಸಲ ಆ ಸುತ್ತನ್ನು ಬೇಕೆಂದೇ ಬರಿಸದೆ ಅದನ್ನು ಹೋಗಿಸಲು ಆಗುವುದಿಲ್ಲ. ಆದರೆ ಈ ವಾಸನೆಯ ಗುರುತು ನನಗಿತ್ತು. ಆಗಷ್ಟೇ ಮಂಚದಿಂದ ಎದ್ದು ಹೋದವರು ಬಣಕಲ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಹಾರ್ಡ್‌ವೇರ್ ಅಂಗಡಿಯ ಯಜಮಾನರು. ನೆನಪಾದದ್ದು ಅವರ ಹೆಂಡತಿ. ಪ್ರೈಮರಿ ಶಾಲೆಯಲ್ಲಿ ಕಲಿಸುತ್ತಿದ್ದರು, ಬೀದಿಗೆಲ್ಲ ಅವರು ಟೀಚರ್.

ಆ ಮನೆಯ ಬೆಳಗು ಶುರುವಾಗುತ್ತಿದ್ದದ್ದೇ ಓಕರಿಕೆಯಿಂದ. ಯಜಮಾನರು ಹಿತ್ತಲ ಕಲ್ಲಿನ ಬಳಿ ಕುಕ್ಕರುಗಾಲಲ್ಲಿ ಕೂತು, ಜೀರಿಗೆ ಹಾಕಿದ ಒಂದು ಚೊಂಬು ಉಪ್ಪುನೀರು ಕುಡಿದು, ಗಂಟಲಿಗೆ ಎರಡು ಬೆರಳು ತೂರಿಸಿ ಪಿತ್ತ ತೆಗೆಯುತ್ತಿದ್ದರು. ಬೀದಿಯ ಹಿರಿಯರಲ್ಲಿ ಹಲವರಿಗೆ ಆ ಅಭ್ಯಾಸವಿತ್ತು. ಆದರೆ ಇವರ ಸದ್ದಿನಲ್ಲಿ ಒಂದು ಹೆಮ್ಮೆ ಇರುತ್ತಿತ್ತು. ಬೇಲಿಯ ಈಚೆ ನಾನು ಕಾಫಿ ಲೋಟ ಹಿಡಿದುಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ಎಷ್ಟೋ ದಿನ ಕಾಫಿ ಚೆಲ್ಲಿದ್ದೂ ಉಂಟು...

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಗ ಟೀಚರಿಗೆ ತಲೆಸುತ್ತು ಶುರುವಾಯಿತು. ಒಂದು ರಜೆಯಲ್ಲಿ ಊರಿಗೆ ಬಂದರೆ, ಹಿತ್ತಲಿನಿಂದ ಎರಡು ಓಕರಿಕೆ ಕೇಳಿಸಿದವು. ಒಂದು ದಪ್ಪ, ಒಂದು ತೆಳು. ಬೇಲಿಯ ಮೇಲಿಂದ ನೋಡಿದೆ. ಟೀಚರ್ ಕಲ್ಲಿಗೆ ಕೈ ಊರಿ ಬಗ್ಗಿದ್ದರು. ಯಜಮಾನರು ಪಕ್ಕದಲ್ಲಿ ಚೊಂಬು ಹಿಡಿದು ನಿಂತು, "ಇನ್ನೂ ಇದೆ, ಇನ್ನೂ ಇದೆ, ಹೊರಗೆ ಹಾಕು" ಎನ್ನುತ್ತಿದ್ದರು. ಟೀಚರ ಬಾಯಿಂದ ಬರುತ್ತಿದ್ದದ್ದು ಬರೀ ನೊರೆ.

ಆ ಮಧ್ಯಾಹ್ನ ಅವರೇ ನಮ್ಮ ಮನೆಗೆ ಬಂದರು, ಗೋಡೆ ಹಿಡಿದುಕೊಂಡು. ಬೋರ್ಡಿನ ಮೇಲಿನ ಸಾಲು ಬರೆಯಲು ತಲೆ ಎತ್ತಿದರೆ ತಿರುಗುತ್ತದೆ, ಮಕ್ಕಳ ಕಡೆ ಹೊರಳಿದರೆ ತಿರುಗುತ್ತದೆ ಎಂದರು. ಬೋರ್ಡಿನ ಕೆಲಸವನ್ನೆಲ್ಲ ಮಕ್ಕಳಿಂದ ಮಾಡಿಸುತ್ತಿದ್ದರಂತೆ.

"ಸ್ವಯಂ ನಿವೃತ್ತಿಗೆ ಬರೆದುಕೊಡು ಅಂತಿದಾರೆ ಇವ್ರು. ಶಾಲೆ ಬಿಟ್ಟು ಆ ಹಿತ್ತಲಲ್ಲಿ ಇಡೀ ದಿನ ಏನು ಮಾಡ್ಲಿ ಮಾರಾಯ್ತಿ?"

"ರಾತ್ರಿ ಮಗ್ಗುಲು ಬದಲಿಸಿದ್ರೆ?"

"ಬಲಕ್ಕೆ ತಿರುಗಿದ್ರೆ ಮನೆಯೇ ಮಗುಚಿದ ಹಾಗೆ. ಸ್ವಲ್ಪ ಹೊತ್ತು, ಆಮೇಲೆ ಸರಿ."

ಅಷ್ಟು ಸಾಕಿತ್ತು. ಸಮತೋಲ ನೋಡಿಕೊಳ್ಳುವ ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿವೆ. ಅವು ಜಾಗ ತಪ್ಪಿ ಪಕ್ಕದ ನಾಳಕ್ಕೆ ಜಾರಿದರೆ, ತಲೆ ಹೊರಳಿಸಿದಾಗ ಲೋಕವೇ ಸುತ್ತುತ್ತದೆ. ನಮ್ಮ ಕಾಲೇಜಿನ ಮೇಡಮ್ಮಿಗೆ ಫೋನ್ ಮಾಡಿ ಕೇಳಿಕೊಂಡು, ಮರುದಿನ ಟೀಚರ ಮನೆಗೇ ಹೋದೆ. ಅವರನ್ನು ಮಂಚದ ಮೇಲೆ ಕೂರಿಸಿ, ಮುಖವನ್ನು ಬಲಕ್ಕೆ ತಿರುಗಿಸಿ, ತಲೆ ಅಂಚಿನಿಂದ ತುಸು ಕೆಳಗೆ ಇಳಿಯುವಂತೆ ಸರ್ರನೆ ಮಲಗಿಸಿದೆ. ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ತಿರುಗತೊಡಗಿದವು. ಅವು ನಿಂತ ಮೇಲೆ, ಹರಳುಗಳು ಜಾರಿ ಮೊದಲಿನ ಜಾಗ ಸೇರಲೆಂದು, ತಲೆಯನ್ನು ಮೆಲ್ಲಗೆ ಎಡಕ್ಕೆ, ಆಮೇಲೆ ಮೈಯನ್ನೂ ಎಡಕ್ಕೆ, ಮುಖ ನೆಲ ನೋಡುವ ತನಕ ಹೊರಳಿಸಿದೆ. ಎಬ್ಬಿಸಿ ಕೂರಿಸುವಷ್ಟರಲ್ಲಿ ಟೀಚರ್ ನನ್ನ ಮಡಿಲಿಗೇ ವಾಂತಿ ಮಾಡಿದರು. ಬಿಸಿಯಾಗಿತ್ತು. ಆದರೆ ಸ್ವಲ್ಪ ಹೊತ್ತು ಬಿಟ್ಟು ಎದ್ದವರು, ಗೋಡೆ ಮುಟ್ಟದೆ ಜಗಲಿಯ ಆ ತುದಿಗೆ ಹೋಗಿ ಬಂದರು.

ಯಜಮಾನರು ಬಾಗಿಲಲ್ಲಿ ನಿಂತು ನೆಲದತ್ತ ನೋಡಿದರು. "ಅಂತೂ ಪೂರಾ ಬಂತು ಪಿತ್ತ. ನಾನು ಹೇಳಿರ್ಲಿಲ್ವಾ?"

ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದರು. ಉಪ್ಪುನೀರೇ ಗುಣ ಮಾಡಿದ್ದು, ಡಾಕ್ಟ್ರಮ್ಮ ಬಂದು ಮೈ ಕುಲುಕಿಸಿ ಹೋದಳು ಅಷ್ಟೆ... ಜನ ನಕ್ಕರಂತೆ.

ಉಳಿದ ತೂರಾಟಕ್ಕೆ ಟೀಚರಿಗೆ ಅಭ್ಯಾಸ ಹೇಳಿಕೊಟ್ಟೆ. ಗೋಡೆಯ ಮೇಲಿನ ಒಂದು ಅಕ್ಷರದಲ್ಲಿ ಕಣ್ಣು ನೆಟ್ಟು, ತಲೆಯನ್ನು ಮಾತ್ರ ಅತ್ತಿತ್ತ ಆಡಿಸಬೇಕು. ಯಾವ ಅಕ್ಷರ ಎಂದು ಕೇಳಿದ್ದಕ್ಕೆ ಅವರೇ ಸೀಮೆಸುಣ್ಣದಲ್ಲಿ 'ಳ' ಬರೆದರು. "ಇದನ್ನ ನೆಟ್ಟಗೆ ಬರಿಯೋ ಮಕ್ಕಳೇ ಇಲ್ಲ. ನಾನಾದ್ರೂ ನೋಡ್ತೀನಿ." ಸುತ್ತು ಮತ್ತೆ ಬರಬಹುದು, ಬಂದರೆ ಮಂಚದ ಮೇಲೆ ತಾವೇ ಹೊರಳುವುದು ಹೇಗೆ ಎಂಬುದನ್ನೂ ಕಲಿತರು. ಜೂನ್‌ನಲ್ಲಿ ಶಾಲೆ ತೆರೆದಾಗ ಬೋರ್ಡಿನ ತುದಿಯವರೆಗೂ ಕೈ ಚಾಚಿ ಬರೆದರಂತೆ. ಫೋನಿನಲ್ಲಿ ಹೇಳುವಾಗ ದನಿ ಹುಡುಗಿಯರ ಹಾಗಿತ್ತು.

ಮರುವರ್ಷ ಅದು ಮತ್ತೆ ಬಂತು. ಟೀಚರ್ ಹಾಸಿಗೆಯಿಂದಲೇ ಫೋನ್ ಮಾಡಿದರು. ಮೊದಲು ಬಲಕ್ಕೆ ಎಂದು ನೆನಪಿಸುತ್ತಿದ್ದೆ, ಫೋನ್ ಯಜಮಾನರ ಕೈಗೆ ಹೋಯಿತು.

"ಏನಮ್ಮ, ಮಂಗಳೂರಲ್ಲಿ ಕೂತು ಇಲ್ಲಿ ಕತ್ತು ತಿರುಗಿಸ್ತೀಯಾ? ಮುರಿದ್ರೆ ನೀನು ಬಂದು ಅಂಟಿಸ್ತೀಯಾ?"

ಅವರು ತಮ್ಮ ಜೋಕಿಗೆ ತಾವೇ ನಗುತ್ತಿರುವಂತೆಯೇ ಫೋನ್ ಕಟ್ಟಾಯಿತು. ಆ ಭಾನುವಾರವೇ ಊರಿಗೆ ಹೋದೆ. ಯಜಮಾನರು ಹೊಸಿಲಿಗೆ ಅಡ್ಡ ನಿಂತಿದ್ದರು. ಮಲಗಿದ್ದಾಳೆ, ಎಬ್ಬಿಸುವುದು ಬೇಡ ಎಂದರು. ಒಳಗಿನಿಂದ ಟೀಚರ್ ನನ್ನನ್ನು ಕರೆದದ್ದು ನಮ್ಮಿಬ್ಬರಿಗೂ ಕೇಳಿಸಿತು. ಅವರು ಕದಲಲಿಲ್ಲ.

ಬೆಳಗಿನ ಚೊಂಬು ಮತ್ತೆ ಶುರುವಾಯಿತು. ಪಾಚಿಗಟ್ಟಿದ ಹಿತ್ತಲಲ್ಲಿ, ಉಪ್ಪುನೀರು ಕುಡಿದು ಬಗ್ಗಿದಾಗ ಸುತ್ತು ಬಂದು ಟೀಚರ್ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮತ್ತೆ ಶಾಲೆಗೆ ಹೋಗಲಿಲ್ಲ, ಮುಂದಿನ ಮಳೆಗಾಲ ದಾಟಲೂ ಇಲ್ಲ. ಮಾತಾಡಿಸಲು ಬಂದವರಿಗೆಲ್ಲ ಯಜಮಾನರು ಒಂದೇ ಮಾತು ಹೇಳುತ್ತಿದ್ದರು: "ಪಿತ್ತ ಅವಳನ್ನ ತಿಂದುಹಾಕ್ತು." ಜನ ತಲೆಯಾಡಿಸುತ್ತಿದ್ದರು. ನನಗೆ ಅಳು ಬರಲಿಲ್ಲ. ಬಂದದ್ದು ಹೇಸಿಗೆ. ಅವರ ಆ ಎರಡು ಬೆರಳುಗಳನ್ನು ಕಂಡರೆ, ಆ ತಲೆಯಾಡಿಸುವ ಜನರನ್ನು ಕಂಡರೆ...

ಈಗ ಅದೇ ಸುತ್ತು ಯಜಮಾನರಿಗೆ. ಅದೇ ಬಲಕ್ಕೆ. "ಉಪ್ಪುನೀರು ಕುಡಿದು ಕುಡಿದು ಸಾಕಾಯ್ತು ಡಾಕ್ಟ್ರಮ್ಮ, ಜಗ್ತಾ ಇಲ್ಲ" ಎಂದು ಗೋಡೆ ಹಿಡಿದುಕೊಂಡೇ ಒಳಗೆ ಬಂದಿದ್ದರು. ಪರೀಕ್ಷಿಸಿದೆ, ಹೊರಳಿಸಿದೆ. ದಿಂಬಿನ ಮೇಲೆ ಕಕ್ಕಿದರು. ಬಾಯಿ ಒರೆಸಿಕೊಳ್ಳುತ್ತಿದ್ದಾಗ ಹೇಳಿದೆ, "ಟೀಚರಿಗೂ ಇದೇ ಇತ್ತು."

"ಇಲ್ಲಮ್ಮ, ಅವಳದ್ದು ಪಿತ್ತ. ಅದು ಬೇರೆ."

ನಾಳೆ ಬೆಳಿಗ್ಗೆ ಮತ್ತೊಮ್ಮೆ ನೋಡಬೇಕು, ಉಪ್ಪುನೀರು ಕುಡಿಯದೆ ಬನ್ನಿ ಎಂದಷ್ಟೇ ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಬಂದರು. ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮಂಚದ ಅಂಚಿನಾಚೆ ಇಳಿಸಿದೆ. ಪೂರ್ತಿ ಭಾರ ನನ್ನ ಅಂಗೈಯಲ್ಲಿತ್ತು. ಹೆದರಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಕಣ್ಣು ಬಿಡಿ ಎಂದೆ. ಬಿಟ್ಟರು. ಗುಡ್ಡೆಗಳು ಅಲುಗಲಿಲ್ಲ, ಸುತ್ತು ಹೋಗಿತ್ತು. ಆಮೇಲೆ, ಮತ್ತೆ ಬಂದರೆ ಮನೆಯಲ್ಲಿ ತಾವೇ ಹೊರಳುವುದನ್ನು ಹಂತ ಹಂತವಾಗಿ ಮಾಡಿಸಿದೆ.

"ಯಾರು ಬೇಡ ಅಂದ್ರೂ ಬಿಡಬೇಡಿ, ಮಾಡಿ" ಎಂದೆ.

"ಬೇಡ ಅನ್ನೋಕೆ ಮನೇಲಿ ಯಾರಿದಾರೆ ಮಾರಾಯ್ತಿ?" ಎಂದು ನಕ್ಕರು.

ಎಡಕ್ಕೆ ತಿರುಗುವಾಗ ಅವಸರ ಮಾಡಿದ್ದರು. ಇನ್ನೊಮ್ಮೆ ಮಲಗಿ ಎಂದೆ, ಮೊದಲಿನಿಂದ ಮಾಡಿಸಿದೆ.