ಆನೆಬಾವಿ ನೋಡಲು ಹೋದ ಸಂಜೆ

ಕೊರೊನಾದ ಕಾಟ ತೀರಿ ಮದುವೆಗಳು ಮತ್ತೆ ಮೊದಲಿನಂತೆ ನಡೆಯತೊಡಗಿದ್ದ ವರ್ಷ. ಹತ್ತಿ ಬಿಡಿಸುವ ಕಾಲ. ನಾನಾಗ ರಾಯಚೂರಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಭಾನುವಾರ ಊರಿಗೆ ಬಾ, ನಿನ್ನನ್ನು ನೋಡಲು ಮಾನ್ವಿಯಿಂದ ಬರುತ್ತಾರೆ ಎಂದು ಅವ್ವ ಫೋನ್ ಮಾಡಿದಳು. ನಮ್ಮೂರು ದೇವದುರ್ಗದ ಕಡೆ, ಅರಕೇರಾದಿಂದ ಸ್ವಲ್ಪ ಒಳಗೆ.

“ಬರ್ತೀನಿ. ಆದ್ರ ನನ್ನ ಕಾಲಿನ ಸುದ್ದಿ ಅವರಿಗೆ ಹೇಳೀಯೇನು?” ಎಂದು ಕೇಳಿದೆ.

“ನೀ ಮೊದಲ ಬಾ” ಎಂದು ಅವ್ವ ಫೋನ್ ಇಟ್ಟಳು. ಹೇಳಿಲ್ಲ ಎಂಬುದು ತಿಳಿದುಹೋಯಿತು.

ಚಿಕ್ಕವಳಿದ್ದಾಗ ಹತ್ತಿ ಹೇರಿದ ಬಂಡಿಯ ಮೇಲಿಂದ ಬಿದ್ದು ನನ್ನ ಎಡಗಾಲು ಮುರಿದಿತ್ತು. ಮೂಳೆ ಕೂಡಿತು, ಕಾಲು ಮಾತ್ರ ಒಂದಿಷ್ಟು ಗಿಡ್ಡವಾಗಿ ಉಳಿಯಿತು. ಕುಳಿತರೆ ಏನೂ ಗೊತ್ತಾಗುವುದಿಲ್ಲ. ನಡೆದರೆ ಎಡಕ್ಕೆ ವಾಲುತ್ತೇನೆ. ಅದರಿಂದ ನನಗೆ ಅಂಥ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ನೋಡಲು ಬಂದವರಿಗೆ. ಆಗಲೇ ಎರಡು ಸಂಬಂಧ ಬಂದು ತಿರುಗಿ ಹೋಗಿದ್ದವು. ಹಾಗಾಗಿ ಅವ್ವ ಒಂದು ಉಪಾಯ ಹೂಡಿದ್ದಳು. ಬೀಗರು ಬರುವ ಮೊದಲೇ ನನ್ನನ್ನು ಜಮಖಾನೆಯ ಮೇಲೆ ಕೂರಿಸಿಬಿಡುವುದು, ಚಹಾ ಫಳಾರವನ್ನು ತಂಗಿಯ ಕೈಯಲ್ಲಿ ಕಳಿಸುವುದು, ಅವರು ಎದ್ದು ಹೋಗುವ ತನಕ ನಾನು ಏಳದಿರುವುದು. “ಮಾರಿ ಮನಸಿಗೆ ಬಂತಂದ್ರ ಕಾಲಿಂದು ಆಮ್ಯಾಲ ನಿಧಾನಕ ಹೇಳಿದ್ರಾತು” ಎನ್ನುತ್ತಿದ್ದಳು.

ನಮ್ಮ ಕಡೆ ಹೆಣ್ಣು ನೋಡಲು ಬಂದ ಹಿರಿಯ ಹೆಂಗಸರು “ಒಂದು ತಂಬಿಗಿ ನೀರು ತಾರವ್ವಾ” ಎಂದರೆ ಅದು ಬಾಯಾರಿಕೆಯಲ್ಲ, ಹುಡುಗಿಯ ನಡಿಗೆ ನೋಡುವ ದಾರಿ. ಅವ್ವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಬಂದವರು ಕೇಳುವ ಮೊದಲೇ ಎಲ್ಲರ ಮುಂದೆ ತುಂಬಿದ ತಂಬಿಗೆಗಳನ್ನು ಸಾಲಾಗಿ ಇಟ್ಟುಬಿಟ್ಟಿದ್ದಳು. ಅಪ್ಪ ಅದನ್ನು ನೋಡಿ, “ಇದೇನು ಅರವಟಿಗಿ ಇಟ್ಟಂಗ ಇಟ್ಟೀಯಲ್ಲ?” ಎಂದು ನಕ್ಕರು. ಅವ್ವ ಕಣ್ಣು ಬಿಟ್ಟ ಮೇಲೆ ಸುಮ್ಮನಾದರು.

ಬಂದವರು ಮೂವರು. ಹುಡುಗನ ಹೆಸರು ಬಸವರಾಜ. ಮಾನ್ವಿಯಲ್ಲಿ ಸುಟ್ಟ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ. ತಂದೆ ಇರಲಿಲ್ಲ. ಜೊತೆಗೆ ತಾಯಿ, ಮತ್ತು ತಂದೆಯ ತಾಯಿಯಾದ ಅಜ್ಜಿ. ಅಜ್ಜಿಯನ್ನು ಅವರ ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ಅಪ್ಪ ಹುಡುಗನ ಎಡಕ್ಕೆ ಕುಳಿತು “ಅಂಗಡಿ ಹೆಂಗ ನಡದದಪಾ?” ಎಂದು ಕೇಳಿದರು. ಹುಡುಗ ಸುಮ್ಮನೆ ನಕ್ಕ. ತಾಯಿಯೇ ತಟಕ್ಕನೆ “ಚಲೋ ನಡದದ್ರೀ” ಎಂದರು. ಅಪ್ಪ ಇನ್ನೇನೋ ಕೇಳಿದರು. ಅದಕ್ಕೂ ನಗು ಹುಡುಗನದು, ಉತ್ತರ ತಾಯಿಯದು. ಇವನಿಗೆ ಬಾಯಿ ಇದೆಯೋ ಇಲ್ಲವೋ ಎಂದು ನನಗೆ ಸಂಶಯ ಬಂತು.

ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ ಎಲ್ಲ ಆಯಿತು. ಇನ್ನೇನು ಏಳುತ್ತಾರೆ, ಗೆದ್ದೆವು ಎಂದು ಅವ್ವ ಅಂದುಕೊಂಡಿರಬೇಕು. ಆಗ ಅಜ್ಜಿ ಬಾಯೊರೆಸಿಕೊಂಡು ಹೇಳಿದರು, “ನಿಮ್ಮೂರಾಗ ಹಳೇ ಕಾಲದ ಆನಿಬಾವಿ ಅದಂತಲ್ಲ? ಇಷ್ಟು ದೂರ ಬಂದೀವಿ, ಎಲ್ಲಾರೂ ಕೂಡಿ ನಡ್ಕೋತ ಹೋಗಿ ನೋಡಿಕೊಂಡು ಬರೂಣು.”

ಅವ್ವನ ಮುಖ ಬಾಡಿತು. “ಬಿಸಲು ಭಾಳ ಅದರೀ” ಎಂದಳು.

“ಸಂಜಿಮುಂದ ಎಲ್ಲಿ ಬಿಸಲವ್ವಾ?”

“ನಿಮ್ಮ ಮೊಣಕಾಲು ನೋಯ್ತಾವಲ್ರೀ ಅತ್ತಿ, ಬ್ಯಾಡ್ರೀ” ಎಂದು ಹುಡುಗನ ತಾಯಿಯೂ ಅಡ್ಡ ಬಂದರು. ಅವರೇಕೆ ಬೇಡ ಎಂದರು ಎಂದು ನಾನು ಆಗ ಯೋಚಿಸಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ತಂಬಿಗೆಯ ನೀರಿಗೆ ಬಗ್ಗದವರನ್ನು ಬಾವಿಯ ತನಕ ನಡೆಸಿ ನೋಡುತ್ತಾಳಲ್ಲ ಈ ಮುದುಕಿ ಎನಿಸಿತು. ನೋಡಲಿ, ಕಣ್ಣು ತುಂಬ ನೋಡಲಿ ಎಂದುಕೊಂಡು ಜಮಖಾನೆಯಿಂದ ಎದ್ದುಬಿಟ್ಟೆ. “ಬರ್ರೀ, ನಾನ ತೋರಿಸ್ತೀನಿ” ಎಂದು ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮುಂದೆ ಹೊರಟೆ. ಅವ್ವ ಹಿಂದಿನಿಂದ ಏನೋ ಅಂದಳು. ತಿರುಗಿ ನೋಡಲಿಲ್ಲ.

ಆನೆಬಾವಿ ಊರಿಂದ ದೂರವೇನಲ್ಲ. ಹನುಮಪ್ಪನ ಗುಡಿ ದಾಟಿ ಬಂಡಿದಾರಿ ಹಿಡಿದರೆ ಎರಡೂ ಕಡೆ ಹತ್ತಿ ಹೊಲ, ಆಮೇಲೆ ಒಂದು ಹುಣಸೆ ಮರ, ಅದರಾಚೆ ಬಾವಿ. ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಮ್ಮ ಮೆರವಣಿಗೆಯನ್ನು ನೋಡಿದರು. ನನ್ನ ಬೆನ್ನ ಮೇಲೆ ಇಡೀ ಹಿಂಡಿನ ಕಣ್ಣು ನೆಟ್ಟಿದ್ದು ನನಗೆ ಗೊತ್ತಾಗುತ್ತಿತ್ತು. ಅಳು ಬಂದರೂ ಬರಗೊಡದೆ ಬೇಕೆಂದೇ ದೊಡ್ಡ ದೊಡ್ಡ ಹೆಜ್ಜೆ ಹಾಕಿದೆ. ಹಾಗೆ ಹಾಕಿದರೆ ಇನ್ನೂ ಹೆಚ್ಚು ವಾಲುತ್ತೇನೆ.

ಹುಣಸೆ ಮರದ ಹತ್ತಿರ ಹುಡುಗ ನನ್ನ ಸಮಕ್ಕೆ ಬಂದ. ಅಷ್ಟರಲ್ಲಿ ಹಿಂದಿನಿಂದ ಒಂದು ಮೋಟರ್ ಸೈಕಲ್ ಹಾರ್ನ್ ಹೊಡೆಯುತ್ತ ಬಂತು. ನಾನು ಬದಿಗೆ ಸರಿದೆ. ಹುಡುಗ ಬಲಕ್ಕೊಮ್ಮೆ ನೋಡಿದ, ಮುಂದೊಮ್ಮೆ ನೋಡಿದ, ಆಮೇಲೆ ನೆಟ್ಟಗೆ ಗಾಡಿ ಬರುತ್ತಿದ್ದ ಕಡೆಗೇ ಕಾಲಿಟ್ಟ. ಅವನ ತೋಳು ಹಿಡಿದು ಬಲವಾಗಿ ಎಳೆದೆ. ಹ್ಯಾಂಡಲ್ ಅವನ ಅಂಗಿಯನ್ನು ಸವರಿಕೊಂಡೇ ಹೋಯಿತು. ಗಾಡಿಯವನು ಸ್ವಲ್ಪ ಮುಂದೆ ನಿಲ್ಲಿಸಿ, “ಏ, ಕಿವಿ ಕೇಳ್ಸಂಗಿಲ್ಲೇನು ನಿನಗ?” ಎಂದು ಬೈದ.

“ಹೌದಪಾ, ಎಡಗಿವಿ ಕೇಳ್ಸಂಗಿಲ್ಲ” ಎಂದು ಹಿಂದಿನಿಂದ ಅಜ್ಜಿ ಗಟ್ಟಿಯಾಗಿ ಹೇಳಿದರು. “ಸಣ್ಣಾವಿದ್ದಾಗ ಜ್ವರ ಬಂದು ಹೋತು. ಎಲ್ಲಿಂದ ಸಪ್ಪಳ ಬಂತಂತ ಅವಗ ತಿಳಿಯಂಗಿಲ್ಲ. ಬೈಬ್ಯಾಡ.”

ಗಾಡಿಯವನು ಮುಖ ಚಿಕ್ಕದು ಮಾಡಿಕೊಂಡು ಹೊರಟುಹೋದ. “ಅತ್ತೀ!” ಎಂದು ಹುಡುಗನ ತಾಯಿ ತಲೆ ಮೇಲೆ ಕೈ ಹೊತ್ತರು.

ಅಲ್ಲಿಯ ತನಕ ಕಳ್ಳನ ಹಾಗೆ ಬರುತ್ತಿದ್ದ ನಮ್ಮವ್ವನಿಗೆ ಎಲ್ಲಿಲ್ಲದ ಜೀವ ಬಂತು. “ಕಿವಿ ಕೇಳ್ಸಂಗಿಲ್ಲಾ? ಇಷ್ಟು ದೊಡ್ಡ ಸುದ್ದಿ, ಒಂದು ಮಾತರ ಹೇಳಬ್ಯಾಡೇನ್ರೀ?”

“ಮತ್ತ ನೀವು ನಿಮ್ಮ ಮಗಳ ಕಾಲಿಂದು ಹೇಳಿದ್ರೇನು? ಒಳಗ ಕುಂದ್ರಿಸಿ ತಂಬಿಗಿ ಜೋಡಿಸಿಟ್ಟವರು ಯಾರು?” ಎಂದು ಹುಡುಗನ ತಾಯಿ ತಿರುಗಿಬಿದ್ದರು.

ಇಬ್ಬರೂ ಹೊಲದ ದಾರಿಯಲ್ಲೇ ಶುರುಹಚ್ಚಿದರು. ಅಪ್ಪ ಇಬ್ಬರ ನಡುವೆ ನಿಂತು “ಹೋಗಲಿ ಬಿಡ್ರೀ, ಹೋಗಲಿ ಬಿಡ್ರೀ” ಎನ್ನುತ್ತಿದ್ದರು. ಅಜ್ಜಿ ಮಾತ್ರ ಅತ್ತ ನೋಡದೆ ಬಂದು ನನ್ನ ರಟ್ಟೆ ಹಿಡಿದರು. “ಅವರು ಇಲ್ಲೇ ಜಗಳಾಡ್ಲಿ. ನಡೀರಿ, ನಾವು ಮೂವರು ಬಾವಿ ನೋಡೂಣು.”

ಬಾವಿಗೆ ಇಳಿಯುವ ಬಾಯಲ್ಲಿ ಎರಡು ಕಲ್ಲಿನ ಆನೆಗಳಿವೆ. ಒಂದರ ಸೊಂಡಿಲು ಮುರಿದಿದೆ. ಕೆಳಗೆ ಸಾಲು ಮೆಟ್ಟಿಲು, ಕಮಾನು, ಗೂಡಿನಲ್ಲಿ ಪಾರಿವಾಳ. ಕಟ್ಟಿಸಿದವರು ವಿಜಯನಗರದವರು ಎಂದು ಊರಲ್ಲಿ ಕೆಲವರು, ಬಹಮನಿ ಸುಲ್ತಾನರು ಎಂದು ಕೆಲವರು. ಈ ಸೀಮೆಗಾಗಿ ಅವರಿಬ್ಬರೂ ಬಡಿದಾಡಿದರು, ಬಾವಿ ಯಾರದೆಂದು ನಾವು ಇನ್ನೂ ಬಡಿದಾಡುತ್ತಿದ್ದೇವೆ. ಮೆಟ್ಟಿಲ ಮೇಲೆ ಕುಳಿತಾಗ ತಂಪು ಗಾಳಿ ಬಂತು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ.

“ನನ್ನ ನಡಗಿ ನೋಡಬೇಕಂತ ಕರ್ಕೊಂಡು ಬಂದ್ರಲ್ಲ ಆಯಿ, ನೋಡಿದ್ರಿಲ್ಲ?” ಎಂದು ಕೇಳಿಯೇಬಿಟ್ಟೆ.

ಅಜ್ಜಿ ಬೆರಗಾಗಿ ನನ್ನತ್ತ ತಿರುಗಿದರು. “ನಿನ್ನ ಕಾಲಿನ ಸುದ್ದಿ ನನಗ ಗೊತ್ತ ಇರ್ಲಿಲ್ಲ ಯವ್ವಾ. ನಾ ಬಂದಿದ್ದು ಇವನ ಕಿವಿ ನಿನಗ ತೋರಸಾಕ. ಮನ್ಯಾಗ ನನ್ನ ಸೊಸಿ ತೋರಸಗೊಡಂಗಿಲ್ಲ. ಹೊರಗ ನಾಕು ಹೆಜ್ಜಿ ನಡದ್ರ ನಿನಗ ತಿಳೀತದಂತ ಕರ್ಕೊಂಡು ಬಂದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದೆ.

ಅಜ್ಜಿ ನೀರನ್ನೇ ನೋಡುತ್ತ ಹೇಳಿದರು. “ನನ್ನ ಮದಿವ್ಯಾದಾಗ ನಾ ಸಣ್ಣಾಕಿ. ಇವನ ಮುತ್ತ್ಯಾಗ, ಅಂದ್ರ ನನ್ನ ಗಂಡಗ, ಮೂರ್ಛಿ ಬರ್ತಿತ್ತು. ನಮಗ ಯಾರೂ ಹೇಳಿರ್ಲಿಲ್ಲ. ಒಂದಿನ ಹೊಲದಾಗ ಬುತ್ತಿ ಬಿಚ್ಚಿ ನೀಡಾಕತ್ತಿದ್ದೆ. ಮಾತಾಡ್ಕೋತ ಕುಂತವರು ಧಪ್ಪನ ಬಿದ್ರು, ಬಾಯಾಗ ನೊರಿ. ದೆವ್ವ ಬಡೀತಂತ ನಾ ಚೀರಿಕೊಂಡು ಓಡಿದ್ನವ್ವಾ. ಅವರೊಬ್ಬರನ್ನ ಬಿಟ್ಟು ಓಡಿದೆ. ಮಂದಿನ್ನ ಕರ್ಕೊಂಡು ಬರೂದ್ರಾಗ ಎದ್ದು ಕುಂತಿದ್ರು. ಮಾರಿ ತುಂಬ ಮಣ್ಣು. ನನ್ನ ನೋಡಿ ತಲಿ ಕೆಳಗ ಹಾಕಿದ್ರು.”

ಮೊಣಕಾಲು ನೀವಿಕೊಂಡು ಮುಂದುವರಿಸಿದರು. “ಒಂದು ಮಾತು ಮೊದಲ ಹೇಳಿದ್ರ ನಾ ಓಡ್ತಿರ್ಲಿಲ್ಲ. ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂದರ್ತಿದ್ದೆ. ಆಮ್ಯಾಲ ಹಂಗ ಭಾಳ ಸಲ ಕುಂತೀನಿ. ಆದ್ರ ಮೊದಲನೇ ಸಲ ಓಡಿದ್ನಲ್ಲ, ಅದು ಅಳಿಸಂಗಿಲ್ಲ. ಯಾಕ ಓಡಿದಿ ಅಂತ ಅವರು ಸಾಯೂತನಕ ಒಂದಿನ ಕೇಳ್ಲಿಲ್ಲ. ಕೇಳಿದ್ರ ಚಲೋ ಇತ್ತು.”

ಹೀಗೆಂದು ಸೆರಗಿನಿಂದ ಕಣ್ಣೊರೆಸಿಕೊಂಡು, “ನೀವು ಮಾತಾಡ್ರಿ, ನಾ ಆ ಆನಿ ನೋಡ್ತೀನಿ” ಎಂದು ಗೋಡೆ ಹಿಡಿದು ಮೇಲೆ ಹತ್ತಿದರು.

ಹುಡುಗ ಎದ್ದು ಬಂದು ನನ್ನ ಎಡಗಡೆ ಕುಳಿತ. ಹಾಗೆ ಕುಳಿತರೆ ನಾನು ಅವನ ಬಲಗಿವಿಯ ಕಡೆಗೆ ಆಗುತ್ತೇನೆ. “ಎಡಕ್ಕ ಕುಂತು ಯಾರರ ಮಾತಾಡಿದ್ರ ನಾ ಸುಮ್ನ ನಗ್ತೀನ್ರೀ. ಜನ ನನ್ನ ಭಾಳ ಸಂಭಾವಿತ ಅಂತಾರ” ಎಂದ.

“ನಾ ಓಡ್ಯಾಡಂಗಿಲ್ಲ. ನನಗ ಭಾಳ ಗಂಭೀರ ಹುಡುಗಿ ಅಂತಾರ” ಎಂದೆ.

ಇಬ್ಬರೂ ನಕ್ಕೆವು. ನಗುವಿಗೆ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಆ ಸಪ್ಪಳ ಯಾವ ಕಡೆಯಿಂದ ಬಂತೆಂದು ಅವನು ಸುತ್ತ ನೋಡತೊಡಗಿದ. ಮೇಲೆ ಎಂದು ಬೆರಳು ಮಾಡಿ ತೋರಿಸಿದೆ.

ನಾವು ತಿರುಗಿ ಬರುವಾಗ ತಾಯಂದಿರು ಹುಣಸೆ ಮರದ ಕೆಳಗೆ ಬೆನ್ನು ಮಾಡಿಕೊಂಡು ಕುಳಿತಿದ್ದರು. ಆದರೆ ಎಲೆಅಡಿಕೆಯ ಚೀಲ ನಮ್ಮವ್ವನದು, ಹುಡುಗನ ತಾಯಿಯ ಬಾಯಿ ಕೆಂಪಗಿತ್ತು. ಅಂದು ಮನೆಗೆ ಬಂದ ಮೇಲೆ ಅಪ್ಪ ಅವ್ವನನ್ನು ಬಿಟ್ಟು ನನ್ನನ್ನು ಕೇಳಿದರು, “ಏನಂತೀಯವ್ವಾ?” ಹಿಂದಿನ ಎರಡು ಸಲ ನನ್ನನ್ನು ಯಾರೂ ಕೇಳಿರಲಿಲ್ಲ. ಇನ್ನೊಮ್ಮೆ ಹುಡುಗನ ಜೊತೆ ಮಾತನಾಡಿ ಹೇಳುತ್ತೇನೆ ಎಂದೆ. ಮಾತನಾಡಿದೆ. ಮುಂದಿನ ಬೇಸಿಗೆಯಲ್ಲಿ ಮದುವೆಯಾಯಿತು.

ಈಗ ನಾನು ಮಾನ್ವಿಯಲ್ಲಿದ್ದೇನೆ. ಊರಿಗೆ ಹೋದಾಗಲೆಲ್ಲ ನಾನೂ ಇವರೂ ಆನೆಬಾವಿಯ ತನಕ ನಡೆದು ಬರುತ್ತೇವೆ. ನಾನು ಇವರ ಬಲಕ್ಕೆ ನಡೆಯುತ್ತೇನೆ, ವಾಲಿದರೆ ಇವರ ತೋಳು ಸಿಗುತ್ತದೆ. ತಂಗಿಯನ್ನು ನೋಡಲು ಬಂದವರಿಗೆ ಅವ್ವ ಚಹಾ ಕೊಡುವ ಮೊದಲೇ “ನಮ್ಮ ಹುಡುಗಿಗಿ ಸಿಟ್ಟು ಭಾಳರೀ, ಆಮ್ಯಾಲ ಹೇಳಲಿಲ್ಲ ಅನಬ್ಯಾಡ್ರಿ” ಎಂದು ಹೇಳಿಬಿಡುತ್ತಾಳೆ. ತಂಗಿಗೆ ಅದಕ್ಕೇ ಸಿಟ್ಟು.

ಆಯಿ ಹೋದ ವರ್ಷ ತೀರಿಕೊಂಡರು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡು, “ನೀ ಓಡಿ ಹೋಗ್ಲಿಲ್ಲ ನೋಡವ್ವಾ” ಎಂದರು.

“ಈ ಕಾಲು ಇಟ್ಕೊಂಡು ಎಲ್ಲಿಗಂತ ಓಡ್ಲಿ ಆಯಿ?” ಎಂದೆ.

ಆಯಿ ಬೊಚ್ಚುಬಾಯಿ ತೆರೆದು ನಕ್ಕರು. ಗಂಜಿ ಚೆಲ್ಲುವ ಹಾಗೆ ನಕ್ಕರು. ಅವರು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.